ಬಾಯಿಗೆ ಸೇರುವುದು, ಮೈಗೆ ಹತ್ತುವುದು

ನಮ್ಮ ಹೈದರಾಬಾದಿನ ಕನ್ನಡಿಗರ ಮನೆಗಳಿಗೆ ಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ಹೋದಾಗ, ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಒಂದು ಪಂಜರ ತೂಗುತ್ತಿರುವುದು ಈಗ ಅಪರೂಪದ ದೃಶ್ಯವೇನಲ್ಲ. ನಾಯಿ ಸಾಕಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಊರಿನಲ್ಲಿದ್ದಂತೆ ಇಲ್ಲಿ ಹಿತ್ತಿಲಿಲ್ಲ, ಕೊಟ್ಟಿಗೆಯಿಲ್ಲ. ಎರಡು ಕೋಣೆಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಮನುಷ್ಯರಲ್ಲದ ಒಂದು ಜೀವದ ಒಡನಾಟ ಬೇಕೆಂದರೆ ಕೊನೆಗೆ ಉಳಿಯುವುದು ಹಕ್ಕಿ. ಹಳೆಯ ನಗರದ ಹಕ್ಕಿ ಅಂಗಡಿಯಿಂದ ಹಸಿರೋ ನೀಲಿಯೋ ಹಳದಿಯೋ ಒಂದು ಜೋಡಿ ‘ಲವ್ ಬರ್ಡ್ಸ್’ ಮನೆಗೆ ಬರುತ್ತವೆ. ನಿಜವಾದ ಲವ್ ಬರ್ಡ್ ಆಫ್ರಿಕ ಖಂಡದ್ದು. ಅಂಗಡಿಯವರು ಆ ಹೆಸರಿನಲ್ಲಿ ನಮಗೆ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯ ಮೂಲದ ಬಡ್ಜರಿಗಾರ್ ಎಂಬ ಪುಟ್ಟ ಗಿಳಿಯನ್ನು. ಅದನ್ನು ಚಿಕ್ಕದಾಗಿ ಬಡ್ಜಿ ಎನ್ನುತ್ತಾರೆ. ಇರಲಿ, ಹೆಸರಿನ ಜಗಳ ನಮಗೆ ಬೇಡ.

“ಏನ್ ಹಾಕ್ತೀರಿ ಇದಕ್ಕ?” ಎಂದು ಕೇಳಿದರೆ ಮನೆಯವರು ಹೇಳುವ ಉತ್ತರ ಬಹುಮಟ್ಟಿಗೆ ಒಂದೇ. “ನವಣಿ ರೀ. ಬ್ಯಾರೆ ಏನ್ ಹಾಕಿದ್ರೂ ಮುಟ್ಟಂಗಿಲ್ಲ. ಅದಕ್ಕ ಅದ ಸೇರ್ತದ.”

ಈ ಕಡೆಯ ಮಾತು ಕೇಳುವುದಕ್ಕೆ ಬಹಳ ಸಾಧುವಾಗಿದೆ. ಹಕ್ಕಿಯ ಇಷ್ಟಕ್ಕೆ ಬೆಲೆ ಕೊಟ್ಟಂತೆ ಕಾಣುತ್ತದೆ. ಆದರೆ ನೀತಿಯ ದೃಷ್ಟಿಯಿಂದ ಈ ಒಂದು ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಭಾಷೆಯಲ್ಲಿಯೇ ಊಟದ ಬಗ್ಗೆ ಎರಡು ಬೇರೆ ಬೇರೆ ಮಾತುಗಳಿವೆ. ಒಂದು, ಬಾಯಿಗೆ ಸೇರುವುದು. ಇನ್ನೊಂದು, ಮೈಗೆ ಹತ್ತುವುದು. ಬಾಯಿಗೆ ಸೇರಿದ್ದೆಲ್ಲ ಮೈಗೆ ಹತ್ತುವುದಿಲ್ಲವೆಂದು ಮಕ್ಕಳನ್ನು ಸಾಕಿದ ಯಾವ ತಾಯಿಗೂ ಗೊತ್ತು. ಪಂಜರದ ಮುಂದೆ ನಿಂತಾಗ ಮಾತ್ರ ನಾವು ಈ ವ್ಯತ್ಯಾಸವನ್ನು ಮರೆಯುತ್ತೇವೆ.

ಮೊದಲು ಬಯಲಿನ ಹಕ್ಕಿಯ ವಿಷಯ. ಊರಿನಲ್ಲಿ ನಮ್ಮ ಹಿರಿಯರು ಅಂಗಳದಲ್ಲಿ ಗುಬ್ಬಿಗೆ ಜೋಳ ಚೆಲ್ಲುತ್ತಿದ್ದರು, ಕಾಗೆಗೆ ಅನ್ನ ಇಡುತ್ತಿದ್ದರು. ಅವರು ಯಾರೂ ಗುಬ್ಬಿಗೆ ಪೌಷ್ಟಿಕ ಆಹಾರ ಯಾವುದೆಂದು ವಿಚಾರ ಮಾಡಿದವರಲ್ಲ. ಮಾಡಬೇಕಾಗಿಯೂ ಇರಲಿಲ್ಲ. ನಾವು ಹಾಕಿದ ನಾಲ್ಕು ಕಾಳು ತಿಂದು ಗುಬ್ಬಿ ಬೇಲಿಗೆ ಹೋಗಿ ಹುಳು ಹಿಡಿಯುತ್ತಿತ್ತು, ಚಿಗುರು ಕುಕ್ಕುತ್ತಿತ್ತು, ಮಣ್ಣಿನಲ್ಲಿ ಮರಳು ಹೆಕ್ಕುತ್ತಿತ್ತು. ನಮ್ಮ ಕಾಳು ಅದರ ದಿನದ ಊಟದಲ್ಲಿ ಒಂದು ಪಾಲು ಮಾತ್ರ. ಆ ಪಾಲಿನಲ್ಲಿ ಏನು ಕೊರತೆಯಿದ್ದರೂ ಅದು ಬೇರೆಡೆ ತುಂಬಿಕೊಳ್ಳುತ್ತಿತ್ತು. ಆದ್ದರಿಂದ ಅದು ದಾನ. ದಾನ ಕೊಟ್ಟವನಿಗೆ ಲೆಕ್ಕ ಕೇಳುವವರಿಲ್ಲ.

ಪಂಜರದ ಬಾಗಿಲು ಹಾಕಿದ ಕ್ಷಣದಲ್ಲಿ ಈ ಲೆಕ್ಕ ಬದಲಾಗುತ್ತದೆ. ಹುಡುಕುವ, ಆರಿಸುವ, ಒಂದು ಸಿಗದಿದ್ದರೆ ಇನ್ನೊಂದಕ್ಕೆ ಹಾರುವ ಶಕ್ತಿಯನ್ನು ನಾವು ಅದರಿಂದ ತೆಗೆದುಕೊಂಡಿದ್ದೇವೆ. ಈಗ ನಾವು ಬಟ್ಟಲಿನಲ್ಲಿ ಹಾಕಿದ್ದು ಅದರ ಪಾಲಿಗೆ ಒಂದು ತುತ್ತಲ್ಲ. ಅದರ ಹೊಲ, ಬೇಲಿ, ಮರ, ಮಳೆಗಾಲ ಎಲ್ಲವೂ ಅದೇ. ತೆಗೆದುಕೊಂಡದ್ದನ್ನು ತುಂಬಿಕೊಡುವುದು ದಾನವಲ್ಲ, ಬಾಕಿ. ಕಚೇರಿಯಲ್ಲಿ ಬಿಲ್ಲುಗಳ ನಡುವೆ ಕುಳಿತು ಇಪ್ಪತ್ತು ವರ್ಷ ಕಳೆದ ನನ್ನಂಥವನಿಗೆ ಈ ಎರಡು ಬಾಬತ್ತುಗಳನ್ನು ಒಂದೇ ಶೀರ್ಷಿಕೆಯಲ್ಲಿ ಬರೆಯಲು ಕೈ ಬರುವುದಿಲ್ಲ.

“ಕಾಡಿನಲ್ಲಿಯೂ ಬಡ್ಜಿ ತಿನ್ನುವುದು ಹುಲ್ಲಿನ ಬೀಜವನ್ನೇ ತಾನೆ, ನಾವು ಹಾಕುವ ನವಣೆಯೂ ಹುಲ್ಲಿನ ಬೀಜವೇ ತಾನೆ?” ಎಂದು ತಿಳಿದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಸ್ಟ್ರೇಲಿಯದ ಒಳನಾಡಿನ ಒಣಪ್ರದೇಶದಲ್ಲಿ ಬಡ್ಜಿಗಳು ದೊಡ್ಡ ಹಿಂಡುಗಳಲ್ಲಿ ಮಳೆ ಬಿದ್ದ ಕಡೆಗೆಲ್ಲ ವಲಸೆ ಹೋಗುತ್ತವೆ. (ವಲಸೆಗಾರರಾದ ನಮಗೆ ಈ ವಿಷಯದಲ್ಲಿ ಅವುಗಳ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿದರೆ ತಪ್ಪಲ್ಲ.) ಅಲ್ಲಿ ಅವು ತಿನ್ನುವುದು ಹಲವು ಜಾತಿಯ ಹುಲ್ಲು ಮತ್ತು ಗಿಡಗಳ ಬೀಜಗಳನ್ನು, ಅವುಗಳಲ್ಲಿ ಕೆಲವು ಇನ್ನೂ ಹಾಲುಗಾಳು, ಕೆಲವು ಅರೆಬಲಿತವು, ಕೆಲವು ಒಣಗಿದವು. ತಿಂದದ್ದನ್ನು ಹಾರಿ ಹಾರಿ ಕರಗಿಸುತ್ತವೆ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಅವು ಲೋಕದ ಮನೆಮನೆಗಳ ಪಂಜರ ಸೇರಿದವು. ಹಕ್ಕಿ ಬಂತು, ಅದರ ಹುಲ್ಲುಗಾವಲು ಬರಲಿಲ್ಲ. ಚೀಲದಲ್ಲಿ ತಿಂಗಳುಗಟ್ಟಲೆ ಒಣಗಿದ ಒಂದೇ ಜಾತಿಯ ಕಾಳು, ಒಂದು ಮೊಳ ಅಗಲದ ಪಂಜರ, ಇವನ್ನು ಕಾಡಿನ ಊಟಕ್ಕೆ ಹೋಲಿಸುವುದು ಹೆಸರಿನಲ್ಲಿ ಮಾತ್ರ ಸರಿ.

ಬರಿಯ ಒಣಕಾಳಿನ ಕೊರತೆಗಳು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವಂಥವು. ಕಾಳಿನಲ್ಲಿ ಎ ಅನ್ನಾಂಗ ಬಹಳ ಕಡಿಮೆ. ಅದು ಸಾಲದೆ ಹೋದರೆ ಹಕ್ಕಿಯ ಮೂಗಿನ ಹೊಳ್ಳೆ ಕಟ್ಟುತ್ತದೆ, ಬಾಯೊಳಗೆ ಬಿಳಿಯ ಗಂಟುಗಳೇಳುತ್ತವೆ, ಉಸಿರಾಟದ ಸೋಂಕು ಸುಲಭವಾಗಿ ತಗಲುತ್ತದೆ. ಸುಣ್ಣದ ಅಂಶವೂ ಕಡಿಮೆ. ಮೊಟ್ಟೆಯಿಡುವ ಹೆಣ್ಣುಹಕ್ಕಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣ ಹೋಗುವುದಕ್ಕೆ ಇದು ಒಂದು ಕಾರಣ. ಅಯೊಡಿನ್ ಸಾಲದೆ ಬಡ್ಜಿಗಳಿಗೆ ಗಳಗಂಡವಾಗುತ್ತದೆ. ಊದಿದ ಗ್ರಂಥಿ ಉಸಿರಿನ ನಾಳವನ್ನು ಒತ್ತಿ, ಉಸಿರಾಡುವಾಗ ಕೀಚು ಕೀಚು ಎಂಬ ಸಪ್ಪಳ ಬರುತ್ತದೆ. ಮನೆಯವರು ಅದನ್ನು ಹಾಡು ಎಂದುಕೊಳ್ಳುವುದೂ ಉಂಟು. ಇನ್ನು ಸೂರ್ಯಕಾಂತಿ ಬೀಜ. ಗಿಳಿ ಜಾತಿಗೆ ಅದೆಂದರೆ ಪ್ರಾಣ. ತಿರುಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಹಾರಾಟವಿಲ್ಲದ ಹಕ್ಕಿಗೆ ಅದನ್ನೇ ಹಾಕುತ್ತ ಹೋದರೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ.

ಇಷ್ಟೆಲ್ಲ ಆದರೂ ಹಕ್ಕಿ ಹೇಳಿಕೊಳ್ಳುವುದಿಲ್ಲ. ಕಾಡಿನಲ್ಲಿ ಸೊರಗಿದ ಹಕ್ಕಿಯ ಮೇಲೆ ಬೇಟೆಯ ಪ್ರಾಣಿಗಳ ಕಣ್ಣು ಬೀಳುವುದರಿಂದ, ರೋಗವನ್ನು ಆದಷ್ಟು ಮುಚ್ಚಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ನಮ್ಮ ಕಣ್ಣಿಗೆ ಕಾಯಿಲೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. “ನಿನ್ನೆ ರಾತ್ರಿವರೆಗೂ ಚೆನ್ನಾಗಿತ್ತು” ಎಂಬ ಮಾತು ಹಕ್ಕಿ ಸತ್ತ ಮನೆಗಳಲ್ಲೆಲ್ಲ ಕೇಳಿಬರುವುದು ಇದಕ್ಕೇ.

ಬಿ.ಎಸ್ಸಿ. ಓದುವಾಗ ಕೇಳಿದ ಒಂದು ಕಥೆ ಈ ಪಂಜರಗಳನ್ನು ಕಂಡಾಗಲೆಲ್ಲ ನನ್ನ ನೆನಪಿಗೆ ಬರುತ್ತದೆ. ಕಥೆಯಲ್ಲ, ನಡೆದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದ ಬಟಾವಿಯದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಬೆರಿಬೆರಿ ಎಂಬ ರೋಗ ಸೈನಿಕರನ್ನು ತಿನ್ನುತ್ತಿತ್ತು. ಕಾಲುಗಳಲ್ಲಿ ಬಲವಿಲ್ಲದೆ ಜನ ಬೀಳುತ್ತಿದ್ದರು. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಇದಕ್ಕೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಅವನ ಪ್ರಯೋಗಶಾಲೆಯ ಕೋಳಿಗಳಿಗೂ ಅಂಥದೇ ರೋಗ ತಗಲಿ ಅವು ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ಔಷಧವಿಲ್ಲದೆ ತಾವಾಗಿಯೇ ವಾಸಿಯಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಕೆಲವು ತಿಂಗಳು ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನ ಸಿಗುತ್ತಿತ್ತು. ಅನಂತರ ಹೊಸ ಅಡುಗೆಯವನು ಬಂದ. ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದು ಎಂದು ಆಕ್ಷೇಪಿಸಿ ನಿಲ್ಲಿಸಿಬಿಟ್ಟ. ಕೋಳಿಗಳಿಗೆ ಮತ್ತೆ ತೌಡು ಸಹಿತವಾದ ಅಗ್ಗದ ಅಕ್ಕಿ ಬಂತು. ಕೋಳಿಗಳು ಎದ್ದು ನಿಂತವು. ಕಚೇರಿಯ ಆಕ್ಷೇಪಣೆಯಿಂದ ಲೋಕಕ್ಕೆ ಇಷ್ಟು ದೊಡ್ಡ ಉಪಕಾರವಾದ ಇನ್ನೊಂದು ಉದಾಹರಣೆ ನನಗೆ ತಿಳಿಯದು!

ಐಕ್‌ಮನ್ ಮೊದಲು ಬಿಳಿಯ ಅಕ್ಕಿಯಲ್ಲಿ ವಿಷವಿದೆಯೆಂದು ಭಾವಿಸಿದ. 1901ರಲ್ಲಿ ಅವನ ಸಹೋದ್ಯೋಗಿ ಗೆರಿಟ್ ಗ್ರೈನ್ಸ್, ಇರುವುದು ವಿಷವಲ್ಲ, ಇಲ್ಲದಿರುವುದು ತೌಡಿನಲ್ಲಿದ್ದ ಒಂದು ಅಗತ್ಯ ವಸ್ತು ಎಂದು ಸರಿಯಾಗಿ ಗುರುತಿಸಿದ. ಮುಂದೆ ಕ್ಯಾಸಿಮಿರ್ ಫುಂಕ್ ಪಾರಿವಾಳಗಳಿಗೆ ಬರಿಯ ಪಾಲಿಷ್ ಅಕ್ಕಿ ತಿನ್ನಿಸಿ ರೋಗ ಬರಿಸಿ, ತೌಡಿನ ಸಾರದಿಂದ ಅದನ್ನು ವಾಸಿಮಾಡುವ ಪ್ರಯೋಗಗಳನ್ನು ನಡೆಸಿ, 1912ರಲ್ಲಿ ‘ವಿಟಮಿನ್’ ಎಂಬ ಹೆಸರನ್ನೇ ಕೊಟ್ಟ. 1929ರಲ್ಲಿ ಐಕ್‌ಮನ್ನನಿಗೆ ಇಂಗ್ಲೆಂಡಿನ ಹಾಪ್‌ಕಿನ್ಸ್ ಜೊತೆಯಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿಯೂ ರಾಬರ್ಟ್ ಮೆಕ್‌ಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಪಾರಿವಾಳಗಳ ಮೇಲೆ ಇಂಥ ಪ್ರಯೋಗಗಳನ್ನು ಮಾಡಿದವರು. 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆಗೆಂದು ಅವರು ಆರಂಭಿಸಿದ ಕೆಲಸವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನಮ್ಮಲ್ಲಿ ಅನೇಕರು ದಿನವೂ ಬಸ್ಸಿನಲ್ಲಿ ಅದರ ಗೇಟಿನ ಮುಂದೆಯೇ ಹಾದುಹೋಗುತ್ತೇವೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಒಂದೇ ಧಾನ್ಯದಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ ಎಂಬ ಜ್ಞಾನ ಮನುಷ್ಯನಿಗೆ ದೊರೆತದ್ದು ಗೂಡಿನಲ್ಲಿ ಕೂಡಿಹಾಕಿ ಒಂದೇ ಧಾನ್ಯ ತಿನ್ನಿಸಿದ ಹಕ್ಕಿಗಳ ದೇಹದಿಂದ. ಆ ಕೋಳಿ, ಆ ಪಾರಿವಾಳಗಳು ಕುತ್ತಿಗೆ ತಿರುಚಿ ಬಿದ್ದು ಕಲಿಸಿದ ಪಾಠದಿಂದ ನಮ್ಮ ಮಕ್ಕಳಿಗೆ ಸೊಪ್ಪು, ಮೊಳಕೆಕಾಳು, ಹಾಲು, ಹಣ್ಣು ಎಂದು ನಾವು ಲೆಕ್ಕ ಹಾಕಿ ಉಣಿಸುತ್ತಿದ್ದೇವೆ. ಅದೇ ಮನೆಯ ಬಾಲ್ಕನಿಯಲ್ಲಿ ಮತ್ತೊಂದು ಹಕ್ಕಿ ಮತ್ತೆ ಒಂದೇ ಧಾನ್ಯದ ಮೇಲೆ ಬದುಕುತ್ತಿದೆ. ದೇವಋಣ, ಪಿತೃಋಣಗಳನ್ನು ಒಪ್ಪಿಕೊಂಡ ನಾವು ಇದನ್ನೂ ಋಣವೆಂದು ಒಪ್ಪಿಕೊಳ್ಳಬೇಡವೇ?

ಈಗ “ಅದಕ್ಕೆ ಅದೇ ಸೇರುತ್ತದೆ” ಎಂಬ ವಾದಕ್ಕೆ ಬರೋಣ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ವಿಂಗಡಿಸಿ ಹೇಳುತ್ತಾನೆ. ಅಲ್ಲಿ ಎರಡರಲ್ಲಿ ಒಂದನ್ನು ಆರಿಸುವವನೂ ಅದರ ಫಲ ಉಣ್ಣುವವನೂ ಒಬ್ಬನೇ. ಪಂಜರದ ವಿಷಯದಲ್ಲಿ ಹಾಗಿಲ್ಲ. ಆರಿಸುವವರು ನಾವು, ಉಣ್ಣುವುದು ಹಕ್ಕಿ. ಇನ್ನೂ ಒಂದು ಮಾತನ್ನು ಒರಟಾಗಿಯೇ ಹೇಳಬೇಕು: ಹಕ್ಕಿಯ ಪ್ರೇಯಸ್ಸು ಎಂದು ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ನಮ್ಮದೇ ಪ್ರೇಯಸ್ಸು. ನವಣೆಯನ್ನು (ಇಲ್ಲಿನ ಅಂಗಡಿಯಲ್ಲಿ ಕೊರ್ರಲು ಎಂದೋ ಕಂಗನಿ ಎಂದೋ ಕೇಳಬೇಕು) ಒಮ್ಮೆ ತಂದರೆ ಎರಡು ತಿಂಗಳು ಚಿಂತೆಯಿಲ್ಲ. ಸೊಪ್ಪಾದರೆ ದಿನವೂ ತರಬೇಕು, ತೊಳೆಯಬೇಕು, ಬಾಡಿದ್ದನ್ನು ತೆಗೆಯಬೇಕು. ಹಣ್ಣಿನ ಚೂರು ಹಾಕಿದರೆ ಸಂಜೆಗೆ ಇರುವೆ. ಹಕ್ಕಿಗೆ ಸೇರುವುದಿಲ್ಲವೆಂಬುದು ನಮಗೆ ಅನುಕೂಲವಾದ ಸತ್ಯ.

ಅದಲ್ಲದೆ ಹಕ್ಕಿಯ ಈ ‘ಇಷ್ಟ’ ಹುಟ್ಟಿದ್ದಾದರೂ ಹೇಗೆ? ಮರಿಯಾಗಿದ್ದಾಗಿನಿಂದ ಅಂಗಡಿಯ ಪಂಜರದಲ್ಲಿ ಅದು ಕಂಡದ್ದು ಒಂದೇ ಕಾಳು. ಕಾಣದ ವಸ್ತುವನ್ನು ಅದು ಆಹಾರವೆಂದೇ ತಿಳಿಯುವುದಿಲ್ಲ, ಹೊಸದೆಂದರೆ ಹೆದರುತ್ತದೆ. ಅದು ಸೊಪ್ಪನ್ನು ಬಿಟ್ಟದ್ದು ರುಚಿ ನೋಡಿ ಬೇಡವೆಂದಲ್ಲ. ಹತ್ತು ಬಗೆ ಕಂಡು ಒಂದನ್ನು ಬಯಸುವುದು ಆಯ್ಕೆ. ಒಂದನ್ನೇ ಕಂಡು ಅದನ್ನೇ ತಿನ್ನುವುದು ಅಭ್ಯಾಸ. ಎರಡಕ್ಕೂ ಒಂದೇ ಮರ್ಯಾದೆ ಕೊಡಬೇಕಾಗಿಲ್ಲ.

ಹಾಗೆಂದು ಹಿತದ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲಿ ಎಚ್ಚರ ಬೇಕು. ರಾಯಚೂರು ಕಲಬುರಗಿ ಕಡೆಯಿಂದ ವಯಸ್ಸಾದ ತಂದೆಯನ್ನು ಕರೆತಂದು ಇಟ್ಟುಕೊಂಡ ಮನೆಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಸಕ್ಕರೆ ಕಾಯಿಲೆಯ ಲೆಕ್ಕ ಹಿಡಿದು ಮಗ ಒಂದು ಹಾಕುತ್ತಾನೆ, ಅಪ್ಪನಿಗೆ ಇನ್ನೊಂದು ಬೇಕು. ಅಲ್ಲಿ ಅಪ್ಪನ “ಬ್ಯಾಡ” ಎಂಬುದಕ್ಕೆ ತೂಕವಿದೆ. ಅವರಿಗೆ ತಿಳಿವಳಿಕೆಯಿದೆ, ಅಪಾಯವನ್ನು ವಿವರಿಸಿದರೆ ಅರ್ಥವಾಗುತ್ತದೆ. ಅರ್ಥವಾದ ಮೇಲೂ ಅವರು ಒಂದು ಚೂರು ಹೋಳಿಗೆ ಕೇಳಿದರೆ ಅದನ್ನು ಕಸಿದುಕೊಳ್ಳುವುದು ಪೋಷಣೆಯಲ್ಲ, ಅವಮಾನ. ಮಕ್ಕಳದು ಮಧ್ಯದ ಸ್ಥಿತಿ. ಹಕ್ಕಿಗೆ ವಿವರಿಸಲು ಸಾಧ್ಯವಿಲ್ಲ; ಆದ್ದರಿಂದ ಅದರ ನಿರಾಕರಣೆ ನಮಗೆ ಕೊನೆಯ ಮಾತಾಗಬಾರದು. ಆದರೆ ಅದರ ಹೆದರಿಕೆ ನಿಜವಾದದ್ದು. ಹಟ ಹಿಡಿದು, “ಹಸಿದರೆ ತಾನಾಗಿಯೇ ತಿನ್ನುತ್ತದೆ” ಎಂದು ಕಾಳನ್ನೆಲ್ಲ ತೆಗೆದುಬಿಡುವವರಿದ್ದಾರೆ. 30-40 ಗ್ರಾಂ ತೂಗುವ ಜೀವ ಅದು. ಒಂದೆರಡು ದಿನದ ಉಪವಾಸವೂ ಅದರ ಪ್ರಾಣಕ್ಕೆ ಮುಳುವಾಗಬಹುದು. ನಮ್ಮ ಏಕಾದಶಿಯನ್ನು ಅದರ ಮೇಲೆ ಹೇರಬಾರದು.

ಮಾಡಬೇಕಾದದ್ದು ತಾಳ್ಮೆಯ ಕೆಲಸ. ಬೆಳಿಗ್ಗೆ ಹಸಿವಿರುವ ಹೊತ್ತಿನಲ್ಲಿ ಚೆನ್ನಾಗಿ ತೊಳೆದ ಕೊತ್ತಂಬರಿಯನ್ನೋ ನುಗ್ಗೆಸೊಪ್ಪನ್ನೋ ಒದ್ದೆಯಾಗಿಯೇ ಪಂಜರದ ಸರಳಿಗೆ ಕಟ್ಟಬೇಕು. ಒದ್ದೆ ಎಲೆಗೆ ಮೈಯುಜ್ಜುವುದೆಂದರೆ ಬಡ್ಜಿಗೆ ಆಟ. ಆಟವಾಡುತ್ತ ಕೊಕ್ಕು ಹಾಕುತ್ತದೆ. ಒಂದೆರಡು ಗಂಟೆ ಬಿಟ್ಟು ಮಾಮೂಲಿನ ಕಾಳು ಕೊಡಬೇಕು. ಕೆಲವು ಹಕ್ಕಿ ನಾಲ್ಕು ದಿನಕ್ಕೆ ಒಪ್ಪಿದರೆ ಕೆಲವು ಎರಡು ತಿಂಗಳು ತೆಗೆದುಕೊಳ್ಳುತ್ತವೆ. ಹಿಂಡಿನಲ್ಲಿ ಕೂಡಿ ತಿನ್ನುವ ಜಾತಿಯಾದ್ದರಿಂದ ಅದರ ಮುಂದೆ ಕುಳಿತು ನಾವೇ ಒಂದು ಎಲೆ ಬಾಯಿಗೆ ಹಾಕಿಕೊಂಡರೂ ಪರಿಣಾಮ ಉಂಟು. ಕಾಳಿನಲ್ಲಿಯೂ ನವಣೆ, ಸಜ್ಜೆ, ಸಾಮೆ, ರಾಗಿ ಎಂದು ಬೆರೆಸಬಹುದು. ಇವೆಲ್ಲ ನಮ್ಮ ಅಜ್ಜಿಯರ ಡಬ್ಬಿಗಳಲ್ಲಿದ್ದವೇ. ಮೊಳಕೆ ಬರಿಸಿದ ಹೆಸರುಕಾಳು, ತುರಿದ ಗಜ್ಜರಿ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಚೂರು. ಮೊಟ್ಟೆ ಮನೆಗೆ ತಾರದವರು ಮೊಳಕೆಕಾಳನ್ನು ಹೆಚ್ಚಿಸಿದರಾಯಿತು. ‘ಸಮುದ್ರದ ನೊರೆ’ ಎಂದು ಅಂಗಡಿಯವರು ಕೊಡುವ ಬಿಳಿಯ ತುಂಡು ನೊರೆಯಲ್ಲ, ಕಟಲ್ ಎಂಬ ಕಡಲಜೀವಿಯ ಒಳಚಿಪ್ಪು. ಸುಣ್ಣದ ಅಂಶಕ್ಕೆ ಅದು ಒಳ್ಳೆಯದು. ಎಲ್ಲವನ್ನೂ ಸೇರಿಸಿ ಮಾಡಿದ ಪೆಲೆಟ್ ಎಂಬ ಗುಳಿಗೆಗಳೂ ಈಗ ಸಿಗುತ್ತವೆ. ಬೆಲೆ ಹೆಚ್ಚು, ಆದರೂ ಬರಿಯ ಕಾಳಿಗಿಂತ ಮೇಲು. ಬಿಸಿಲೂ ಊಟದ ಭಾಗವೇ. ಡಿ ಅನ್ನಾಂಗಕ್ಕೆ ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಗಾಜಿನ ಹಿಂದಿನ ಬೆಳಕು ಬಿಸಿಲಲ್ಲ.

ಪ್ರೀತಿಯಿಂದ ತಟ್ಟೆಯಿಂದಲೇ ತಿನ್ನಿಸುವವರಿಗೆ ಒಂದು ಮಾತು. ಉಪ್ಪು ಖಾರದ ಚೂಡಾ, ಬಿಸ್ಕತ್ತು, ಚಹಾ ಇವು ಹಕ್ಕಿಗೆ ಬೇಡ. ಚಾಕೊಲೇಟ್ ಮತ್ತು ಬೆಣ್ಣೆಹಣ್ಣು ಅದಕ್ಕೆ ವಿಷವೇ ಸರಿ. ಆದರೆ ಊರಿನವರು ಗಿಳಿಗೆ ಕೆಂಪು ಮೆಣಸಿನಕಾಯಿ ಕೊಡುತ್ತಿದ್ದುದನ್ನು ಕಂಡು ನಗಬೇಡಿ. ಹಕ್ಕಿಗೆ ಮೆಣಸಿನ ಖಾರ ತಟ್ಟುವುದಿಲ್ಲ, ಹಣ್ಣುಮೆಣಸಿನಲ್ಲಿ ಎ ಅನ್ನಾಂಗವಾಗುವ ವಸ್ತು ಧಾರಾಳವಾಗಿದೆ.

ಗಿಳಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. “ನಮ್ಮಜ್ಜನ ಮನೆಯಲ್ಲಿ ಅನ್ನ ತಿಂದೇ ಗಿಳಿ ಹತ್ತು ವರ್ಷ ಬದುಕಿತ್ತು” ಎನ್ನುವವರು, ಚೆನ್ನಾಗಿ ಸಾಕಿದರೆ ಆ ಜಾತಿ ಇಪ್ಪತ್ತು ವರ್ಷ ದಾಟಿ ಬದುಕಬಲ್ಲದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಅಂಥ ಗಿಳಿ ಯಾರ ಮನೆಯಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದು ದಾರಿ. ಬಡ್ಜಿಯ ವಿಷಯದಲ್ಲಿ “ಇಷ್ಟೆಲ್ಲ ತಾಪತ್ರಯವಾದರೆ ಬಾಗಿಲು ತೆರೆದು ಬಿಟ್ಟುಬಿಡೋಣ, ಪುಣ್ಯ ಬರಲಿ” ಎಂಬ ಯೋಚನೆಯೂ ಸರಿಯಲ್ಲ. ಪಂಜರದಲ್ಲಿಯೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಪರದೇಶದ ಹಕ್ಕಿಯನ್ನು ಈ ನಗರದ ಕಾಗೆ, ಹದ್ದುಗಳ ನಡುವೆ ಬಿಡುವುದು ಸ್ವಾತಂತ್ರ್ಯ ಕೊಟ್ಟಂತಲ್ಲ, ಕೈ ತೊಳೆದುಕೊಂಡಂತೆ. ತರಬೇಕೇ ಬೇಡವೇ ಎಂಬ ಜಿಜ್ಞಾಸೆಯೆಲ್ಲ ಅಂಗಡಿಯ ಬಾಗಿಲಿನಲ್ಲಿ ಮುಗಿಯಬೇಕು.

ಕೊನೆಯದಾಗಿ ನಮ್ಮಂಥ ಪರಊರಿನವರಿಗೆ ಮಾತ್ರ ಇರುವ ಒಂದು ತೊಡಕು. ಮೇ ತಿಂಗಳು ಬಂತೆಂದರೆ ನಾವೆಲ್ಲ ಊರಿಗೆ. ಮದುವೆ, ಜಾತ್ರೆ, ಮಾವಿನಹಣ್ಣು ಎಂದು ಮೂರು ವಾರ. ಪಂಜರವನ್ನು ವಾಚ್‌ಮನ್ನನ ಕೈಯಲ್ಲೋ ಎದುರು ಮನೆಯವರ ಕೈಯಲ್ಲೋ ಕೊಟ್ಟು, “ಕಾಳು ಮುಗಿದರೆ ಹಾಕಿ” ಎಂದು ಹೇಳಿ ಹೋಗುತ್ತೇವೆ. ಬಡ್ಜಿ ಕಾಳಿನ ಸಿಪ್ಪೆಯನ್ನು ಸುಲಿದು ತಿರುಳನ್ನು ಮಾತ್ರ ತಿನ್ನುತ್ತದೆ. ಸಿಪ್ಪೆ ಮತ್ತೆ ಬಟ್ಟಲಿನಲ್ಲಿಯೇ ಬೀಳುತ್ತದೆ. ನೋಡಿದವರಿಗೆ ಬಟ್ಟಲು ತುಂಬಿರುವಂತೆಯೇ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಕ್ಕಿ ಹಸಿವಿನಿಂದ ಸಾಯುವುದು ಹೀಗೆ. ನಮ್ಮ ಸಂಘದಲ್ಲಿ ಪಂಜರವಿರುವ ಮನೆಗಳು ಎಂಟು ಹತ್ತಾದರೂ ಇದ್ದಾವು. ಯಾರು ಯಾವ ವಾರ ಊರಿಗೆ ಹೋಗುತ್ತಾರೆಂದು ಏಪ್ರಿಲ್ ತಿಂಗಳ ಸಭೆಯಲ್ಲಿಯೇ ಹೇಳಿಕೊಂಡರೆ, ಇಲ್ಲಿ ಉಳಿಯುವವರ ಮನೆಯಲ್ಲಿ ಪಂಜರಗಳನ್ನಿಡಬಹುದು. ಜೊತೆಗೆ ಒಂದು ಚೀಟಿ ಬರೆದುಕೊಡಿ: ಬೆಳಿಗ್ಗೆ ಯಾವ ಸೊಪ್ಪು, ನೀರು ಎಷ್ಟು ಸಲ, ಬಿಸಿಲು ಎಷ್ಟು ಹೊತ್ತು, ಮತ್ತು ಬಟ್ಟಲನ್ನು ದಿನವೂ ಒಮ್ಮೆ ಊದಿ ನೋಡಬೇಕೆಂದು.